ಫುಟ್‌ಬಾಲಿನ ಹಂಗಾಮು

ನಮ್ಮ ಗಡಿನಾಡಿನಲ್ಲಿ ‘ಹಂಗಾಮು’ ಎಂಬ ಮಾತು ಕನ್ನಡಿಗರಿಗೂ ಮರಾಠಿಗರಿಗೂ ಸಮಾನವಾದುದು. ಮುಂಗಾರಿ ಹಂಗಾಮು, ಹಿಂಗಾರಿ ಹಂಗಾಮು, ಕಾರಖಾನೆಗಳಲ್ಲಿ ಕಬ್ಬು ನುರಿಸುವ ಹಂಗಾಮು ಎಂದು ಮನೆಮನೆಯಲ್ಲಿಯೂ ಕೇಳುತ್ತೇವೆ. ಈ ಮಾತಿನೊಳಗೆ ಒಂದು ವಿವೇಕವಿದೆ. ಒಂದು ದಿನದ ಮಳೆಗೆ ಬೆಳೆ ಬರುವುದಿಲ್ಲ. ಒಂದು ದಿನದ ಬಿಸಿಲಿಗೆ ಅದು ಕೆಡುವುದೂ ಇಲ್ಲ. ರೈತನು ಲೆಕ್ಕ ಹಾಕುವುದು ಇಡೀ ಹಂಗಾಮಿನದು. ಕೊಲ್ಹಾಪುರದ ಫುಟ್‌ಬಾಲ್ ಪ್ರೇಮಿಗಳು ತಮ್ಮ ಆಟದ ಕಾಲವನ್ನು ಕರೆಯುವುದೂ ಇದೇ ಹೆಸರಿನಿಂದ. ಮಳೆಗಾಲ ಮುಗಿದು, ಮೈದಾನದ ಕೆಸರು ಆರಿದ ಮೇಲೆ ಅವರ ಹಂಗಾಮು ಮೊದಲಾಗುತ್ತದೆ. ಮುಂದಿನ ಮಳೆ ಬರುವವರೆಗೂ ಪೇಟೆಪೇಟೆಯಲ್ಲಿ ಅದೇ ಮಾತು.

ನಮ್ಮಂಥ ಪ್ರೌಢಶಾಲೆಗಳ ಮಕ್ಕಳಿಗಾದರೋ ಪಂದ್ಯ ದೊರೆಯುತ್ತದೆ, ಹಂಗಾಮು ದೊರೆಯುವುದಿಲ್ಲ. ಇದು ಸಣ್ಣ ಕೊರತೆಯಲ್ಲವೆಂಬುದು ನಮ್ಮ ಅಭಿಪ್ರಾಯ. ಅದನ್ನು ವಿದ್ಯಾರ್ಥಿಗಳ ಮುಂದೆಯೂ ಪಾಲಕರ ಮುಂದೆಯೂ ಇಡಬೇಕೆಂದೇ ಈ ಲೇಖನ.

ಕೊಲ್ಹಾಪುರಕ್ಕೂ ಫುಟ್‌ಬಾಲಿಗೂ ಇರುವ ನಂಟು ಹೊಸದಲ್ಲ. ರಾಜರ್ಷಿ ಶಾಹೂ ಮಹಾರಾಜರ ಕಾಲದಲ್ಲಿ ಕುಸ್ತಿ ಈ ಊರಿನ ಉಸಿರಾಗಿತ್ತು. ಪೇಟೆಗೊಂದು ತಾಲೀಮು, ತಾಲೀಮಿಗೊಂದು ಅಭಿಮಾನ. ಮುಂದೆ ಅದೇ ತಾಲೀಮುಗಳು ಫುಟ್‌ಬಾಲ್ ತಂಡಗಳನ್ನು ಕಟ್ಟಿದವು. ಪಾಟಾಕಡೀಲ ತಾಲೀಮ ಮಂಡಳ, ದಿಲಬಹಾರ, ಬಾಲಗೋಪಾಲ, ಖಂಡೋಬಾ, ಶಿವಾಜಿ ತರುಣ ಮಂಡಳ, ಪ್ರ್ಯಾಕ್ಟಿಸ್ ಕ್ಲಬ್, ಫುಲೇವಾಡಿ ಮುಂತಾದ ಹೆಸರುಗಳನ್ನು ನಮ್ಮ ಹುಡುಗರು ಪಾಠದ ಪದ್ಯಕ್ಕಿಂತ ಬೇಗ ಬಾಯಿಪಾಠ ಮಾಡಿಕೊಳ್ಳುತ್ತಾರೆ. 1940ರಲ್ಲಿ ಸ್ಥಾಪನೆಯಾದ ಕೊಲ್ಹಾಪುರ ಸ್ಪೋರ್ಟ್ಸ್ ಅಸೋಸಿಯೇಷನ್ ಈ ತಂಡಗಳ ಲೀಗನ್ನು ನಡೆಸುತ್ತದೆ. ಛತ್ರಪತಿ ಶಾಹೂ ಕ್ರೀಡಾಂಗಣ ಅವುಗಳ ರಣರಂಗ. ಇತ್ತ ಹಿರಣ್ಯಕೇಶಿಯ ದಂಡೆಯ ಗಡಹಿಂಗ್ಲಜದಲ್ಲಿಯೂ ಫುಟ್‌ಬಾಲಿಗೆ ಅಷ್ಟೇ ಮರ್ಯಾದೆ. ದೀಪಾವಳಿಯ ಸುಮಾರಿಗೆ ಅಲ್ಲಿ ನಡೆಯುವ ಪಂದ್ಯಗಳನ್ನು ನೋಡಲು ಸುತ್ತಿನ ಹಳ್ಳಿಗಳಿಂದ ಜನ ಬರುತ್ತಾರೆ. ಮೈದಾನದ ಅಂಚಿನಲ್ಲಿ ಕನ್ನಡವೂ ಮರಾಠಿಯೂ ಒಂದೇ ಉಸಿರಿನಲ್ಲಿ ಕೇಳಿಬರುತ್ತವೆ. 2017ರಲ್ಲಿ ನಮ್ಮ ದೇಶದಲ್ಲಿ ನಡೆದ ಹದಿನೇಳು ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ ಭಾರತದ ಪರವಾಗಿ ಆಡಿದ ಅನಿಕೇತ ಜಾಧವ ಕೊಲ್ಹಾಪುರದ ಹುಡುಗ.

ಇಂದಿನ ನಮ್ಮ ಹುಡುಗರು ಇಂಗ್ಲೆಂಡಿನ ಕ್ಲಬ್ಬುಗಳ ಅಂಗಿ ತೊಟ್ಟು ತಿರುಗುತ್ತಾರೆ. ಅದರಲ್ಲಿ ತಪ್ಪಿಲ್ಲ. ಆದರೆ ಅವರು ತೊಡುವುದು ಗೆಲ್ಲುವ ಕ್ಲಬ್ಬುಗಳ ಅಂಗಿಯನ್ನು ಮಾತ್ರ. ಗೆದ್ದೆತ್ತಿನ ಬಾಲ ಹಿಡಿಯುವುದು ಸುಲಭ. ನಾವು ಇಲ್ಲಿ ಹೇಳಹೊರಟಿರುವುದು ಸೋತ ಎತ್ತಿನ ಕಥೆ. ಅದು ಬ್ಲ್ಯಾಕ್‌ಬರ್ನ್ ರೋವರ್ಸ್ ಎಂಬ ಕ್ಲಬ್ಬಿನ ಕಥೆ.

ಈ ಕ್ಲಬ್ಬನ್ನೇ ಆರಿಸಿಕೊಳ್ಳಲು ಕಾರಣಗಳಿವೆ. ಬ್ಲ್ಯಾಕ್‌ಬರ್ನ್ ಇಂಗ್ಲೆಂಡಿನ ಲ್ಯಾಂಕಶೈರ್ ಪ್ರಾಂತದ ಊರು. ಒಂದು ಕಾಲಕ್ಕೆ ಮಗ್ಗಗಳ ಊರು. ನಮ್ಮ ಇಚಲಕರಂಜಿಯಲ್ಲಿ 1904ರಲ್ಲಿ ವಿಠ್ಠಲರಾವ ದಾತಾರರು ಮೊದಲ ವಿದ್ಯುತ್ ಮಗ್ಗವನ್ನು ಹೂಡಿದರು. ಮುಂದೆ ಆ ಊರು ‘ಮಹಾರಾಷ್ಟ್ರದ ಮ್ಯಾಂಚೆಸ್ಟರ್’ ಎನಿಸಿಕೊಂಡಿತು. ಮ್ಯಾಂಚೆಸ್ಟರಿನ ನೆರೆಯ ಬ್ಲ್ಯಾಕ್‌ಬರ್ನಿನ ಮಗ್ಗಗಳಲ್ಲಿ ತಯಾರಾಗುತ್ತಿದ್ದ ಮುಖ್ಯ ಮಾಲು ಯಾವುದು ಬಲ್ಲಿರಾ? ಭಾರತೀಯರು ಉಡುವ ಧೋತರ! ನಮ್ಮ ಅಜ್ಜಂದಿರ ಕಾಲದಲ್ಲಿ ವಿದೇಶಿ ಬಟ್ಟೆಯನ್ನು ಬಹಿಷ್ಕರಿಸಿದಾಗ ಆ ಸೀಮೆಯ ನೇಕಾರರ ಕೆಲಸಕ್ಕೂ ಪೆಟ್ಟು ಬಿದ್ದಿತು. 1931ರ ಸಪ್ಟೆಂಬರಿನಲ್ಲಿ ದುಂಡುಮೇಜಿನ ಪರಿಷತ್ತಿಗೆ ಹೋಗಿದ್ದ ಮಹಾತ್ಮಾ ಗಾಂಧಿಯವರು ಬ್ಲ್ಯಾಕ್‌ಬರ್ನಿನ ಪಕ್ಕದ ಡಾರ್ವೆನ್ ಊರಿಗೆ ಹೋಗಿ ಗಿರಣಿ ಕಾರ್ಮಿಕರನ್ನು ಕಂಡರು. ಕೆಲಸ ಕಳೆದುಕೊಂಡಿದ್ದ ಜನರು ಅವರನ್ನು ಪ್ರೀತಿಯಿಂದಲೇ ಬರಮಾಡಿಕೊಂಡರು. ಎದುರಾಳಿಯನ್ನು ಶತ್ರುವೆಂದು ತಿಳಿಯದ ಆ ಗುಣ ಮೈದಾನಕ್ಕೂ ಬೇಕಾದುದೇ ಆಗಿದೆ.

ಫುಟ್‌ಬಾಲ್ ಬೆಳೆದದ್ದೂ ಆ ಮಗ್ಗದ ಊರುಗಳಲ್ಲಿಯೇ. 1850ರ ಕಾಯಿದೆಯಿಂದ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಬಟ್ಟೆಯ ಗಿರಣಿಗಳಲ್ಲಿ ಹೆಂಗಸರ ಹಾಗೂ ಎಳೆಯರ ಕೆಲಸ ನಿಲ್ಲಬೇಕಾಯಿತು. ಅವರಿಲ್ಲದೆ ಗಿರಣಿ ನಡೆಯುವಂತಿರಲಿಲ್ಲವಾದ್ದರಿಂದ ಉಳಿದವರಿಗೂ ಬಿಡುವು ಸಿಕ್ಕಿತು. ಆ ಅರ್ಧ ದಿನವನ್ನು ಜನ ಆಟಕ್ಕೆ ಕೊಟ್ಟರು. 1883ರಲ್ಲಿ ಇಂಗ್ಲೆಂಡಿನ ಎಫ್.ಎ. ಕಪ್ಪನ್ನು ಬ್ಲ್ಯಾಕ್‌ಬರ್ನಿನ ಇನ್ನೊಂದು ತಂಡವಾದ ಒಲಿಂಪಿಕ್ ಗೆದ್ದಿತು. ಅದರಲ್ಲಿ ಆಡಿದವರು ನೇಕಾರರು ಮುಂತಾದ ದುಡಿಯುವ ಜನ. ಸೋತವರು ಈಟನ್ ಶಾಲೆಯ ಹಳೆಯ ವಿದ್ಯಾರ್ಥಿಗಳಾದ ಸಿರಿವಂತರ ಮಕ್ಕಳು. ಮುಂದಿನ ಮೂರು ವರ್ಷವೂ ಆ ಕಪ್ಪು ಬ್ಲ್ಯಾಕ್‌ಬರ್ನ್ ರೋವರ್ಸ್ ತಂಡದ ಪಾಲಾಯಿತು.

ಆದರೆ ಕಪ್ಪಿನ ಆಟದಲ್ಲಿ ಒಂದು ತೊಡಕಿತ್ತು. ಸೋತ ತಂಡಕ್ಕೆ ಅಂದೇ ಮಂಗಳ. ನೆಚ್ಚಿಕೊಳ್ಳುವಂಥ ಪಂದ್ಯಗಳ ಪಟ್ಟಿಯೇ ಇರಲಿಲ್ಲ. ಆದುದರಿಂದ 1888ರಲ್ಲಿ ಹನ್ನೆರಡು ಕ್ಲಬ್ಬುಗಳು ಕೂಡಿ ಲೀಗ್ ಪದ್ಧತಿಯನ್ನು ಆರಂಭಿಸಿದವು. ಪ್ರತಿ ತಂಡವೂ ಉಳಿದ ಪ್ರತಿಯೊಂದು ತಂಡದೊಡನೆ ಎರಡು ಸಲ ಆಡಬೇಕು, ಒಮ್ಮೆ ತನ್ನೂರಿನಲ್ಲಿ, ಒಮ್ಮೆ ಅವರೂರಿನಲ್ಲಿ. ಗೆದ್ದರೆ ಅಂಕ, ಸಮವಾದರೂ ಅಂಕ. ಸೋತರೆ ಅಂಕವಿಲ್ಲ, ಆದರೆ ಮುಂದಿನ ಶನಿವಾರ ಮತ್ತೆ ಆಟ. ಆ ಹನ್ನೆರಡರಲ್ಲಿ ಬ್ಲ್ಯಾಕ್‌ಬರ್ನ್ ರೋವರ್ಸ್ ಕೂಡ ಒಂದು. ಇಂದು ಅಲ್ಲಿಯ ಮೇಲಿನ ದರ್ಜೆಯಲ್ಲಿ ಇಪ್ಪತ್ತು ತಂಡಗಳು, ಒಂದೊಂದಕ್ಕೂ ಮೂವತ್ತೆಂಟು ಪಂದ್ಯಗಳು. ಗೆದ್ದರೆ ಮೂರು ಅಂಕ, ಸಮವಾದರೆ ಒಂದು. ಕೊನೆಯ ಮೂರು ತಂಡಗಳು ಕೆಳಗಿನ ದರ್ಜೆಗೆ ಇಳಿಯಬೇಕು.

ಈ ಕ್ಲಬ್ಬಿನ ಎರಡು ಹಂಗಾಮುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡೋಣ.

ಮೊದಲನೆಯದು 1994-95ರದು. ಅದೇ ಊರಿನಲ್ಲಿ ಹುಟ್ಟಿ ಉಕ್ಕಿನ ವ್ಯಾಪಾರದಲ್ಲಿ ಶ್ರೀಮಂತನಾದ ಜ್ಯಾಕ್ ವಾಕರ್ ಎಂಬವನು ತನ್ನೂರಿನ ಕ್ಲಬ್ಬಿಗಾಗಿ ಹಣ ಸುರಿದನು. ಕೆನಿ ಡಾಲ್ಗ್ಲಿಶ್ ವ್ಯವಸ್ಥಾಪಕ. ಅಲನ್ ಶಿಯರರ್ ಮುಂಚೂಣಿಯ ಆಟಗಾರ. ಆಗ ಇಪ್ಪತ್ತೆರಡು ತಂಡಗಳಿದ್ದುದರಿಂದ ನಲವತ್ತೆರಡು ಪಂದ್ಯಗಳು. ಶಿಯರರ್ ಒಬ್ಬನೇ 34 ಗೋಲು ಹೊಡೆದನು. 1995ರ ಮೇ 14ರಂದು ಕೊನೆಯ ಪಂದ್ಯ, ಲಿವರ್‌ಪೂಲಿನಲ್ಲಿ. ಆ ಪಂದ್ಯದಲ್ಲಿ ಬ್ಲ್ಯಾಕ್‌ಬರ್ನ್ ಸೋತಿತು! ಆದರೂ ಅದೇ ದಿನ ಅದು ದೇಶಕ್ಕೇ ಚಾಂಪಿಯನ್ ಆಯಿತು. ಏಕೆಂದರೆ ಬೆನ್ನಟ್ಟಿ ಬಂದ ಮ್ಯಾಂಚೆಸ್ಟರ್ ಯುನೈಟೆಡ್ ಇನ್ನೊಂದೆಡೆ ಗೆಲ್ಲಲಾಗದೆ ಸಮ ಮಾಡಿಕೊಂಡಿತು. ಬ್ಲ್ಯಾಕ್‌ಬರ್ನಿಗೆ 89 ಅಂಕ, ಯುನೈಟೆಡ್ಡಿಗೆ 88. ಎಂಬತ್ತೊಂದು ವರ್ಷಗಳ ನಂತರ ಬಂದ ಕಿರೀಟವದು. ಸೋತ ದಿನವೇ ಕಿರೀಟ ಬಂದದ್ದು ಅದೃಷ್ಟದಿಂದಲ್ಲ. ಹಿಂದಿನ ನಲವತ್ತೊಂದು ಪಂದ್ಯಗಳಲ್ಲಿ ಕೂಡಿಟ್ಟ ಗಂಟಿನಿಂದ. ಹನಿಗೂಡಿದರೆ ಹಳ್ಳವೆಂಬುದು ಇದಕ್ಕೇ.

ಎರಡನೆಯದು 2011-12ರದು. ಅಷ್ಟರಲ್ಲಿ ಕ್ಲಬ್ಬು ನಮ್ಮ ನೆರೆಯವರ ಕೈಗೆ ಬಂದಿತ್ತು. 2010ರ ನವೆಂಬರಿನಲ್ಲಿ ಅದನ್ನು ಕೊಂಡವರು ಪುಣೆಯ ವೆಂಕೀಸ್ ಸಂಸ್ಥೆಯವರು, ಕೋಳಿ ಸಾಕಣೆಯ ಉದ್ಯಮದವರು. ಬಂದ ಕೆಲವೇ ವಾರಗಳಲ್ಲಿ ಅನುಭವಿ ವ್ಯವಸ್ಥಾಪಕನಾದ ಸ್ಯಾಮ್ ಅಲರ್ಡೈಸನನ್ನು ತೆಗೆದು, ಅವನ ಕೈಕೆಳಗಿದ್ದ ಸ್ಟೀವ್ ಕೀನನನ್ನು ಕೂರಿಸಿದರು. ಮುಂದಿನ ಹಂಗಾಮು ಕಹಿಯಾಯಿತು. ಪಂದ್ಯದ ಮೇಲೆ ಪಂದ್ಯ ಸೋಲು. ಸ್ವಂತ ಮೈದಾನದಲ್ಲಿಯೇ ಪ್ರೇಕ್ಷಕರ ಧಿಕ್ಕಾರ. 2012ರ ಮೇ 7ರಂದು ವಿಗನ್ ತಂಡದೊಡನೆ ಸೋತಾಗ ಇಳಿಯುವುದು ಖಚಿತವಾಯಿತು. ಯಾರೋ ಆ ದಿನ ಮೈದಾನದೊಳಕ್ಕೆ ಕೋಳಿಯೊಂದನ್ನು ಬಿಟ್ಟು ಮಾಲಕರನ್ನು ಅಣಕಿಸಿದರು. ಮೂವತ್ತೆಂಟರಲ್ಲಿ ಎಂಟು ಗೆಲುವು, ಏಳು ಸಮ, ಇಪ್ಪತ್ತಮೂರು ಸೋಲು, ಅಂಕ 31. ಆ ವರ್ಷ ಇಳಿದ ಮೂರು ತಂಡಗಳಾದ ಬೋಲ್ಟನ್, ಬ್ಲ್ಯಾಕ್‌ಬರ್ನ್, ವುಲ್ವರ್‌ಹ್ಯಾಂಪ್ಟನ್ ಮೂರೂ 1888ರ ಆ ಹನ್ನೆರಡರಲ್ಲಿದ್ದವು. ಹಿರಿತನ ಯಾರನ್ನೂ ಕಾಯುವುದಿಲ್ಲ.

ಆದರೆ ಈ ಕಹಿ ಹಂಗಾಮಿನ ನಡುವೆ ಒಂದು ದಿನ ಬರುತ್ತದೆ, 2011ರ ಡಿಸೆಂಬರ್ 31. ಬ್ಲ್ಯಾಕ್‌ಬರ್ನ್ ಆಗ ಪಟ್ಟಿಯ ತೀರ ಕೆಳಗೆ. ಹೋದದ್ದು ಮ್ಯಾಂಚೆಸ್ಟರ್ ಯುನೈಟೆಡ್ಡಿನ ಮೈದಾನಕ್ಕೆ. ಅಂದು ಆ ತಂಡದ ವ್ಯವಸ್ಥಾಪಕ ಸರ್ ಅಲೆಕ್ಸ್ ಫರ್ಗುಸನ್ನನ ಎಪ್ಪತ್ತನೆಯ ಹುಟ್ಟುಹಬ್ಬ. ಬ್ಲ್ಯಾಕ್‌ಬರ್ನ್ 3-2ರಿಂದ ಗೆದ್ದಿತು. ಒಂದು ದಿನದ ಸಂತೋಷವೆಂದು ಜನ ಮರೆತರು. ಮೇ ತಿಂಗಳಲ್ಲಿ ಲೆಕ್ಕ ತೆಗೆದಾಗ ಮ್ಯಾಂಚೆಸ್ಟರಿನ ಎರಡೂ ತಂಡಗಳಿಗೆ, ಸಿಟಿಗೂ ಯುನೈಟೆಡ್ಡಿಗೂ, ಎಂಬತ್ತೊಂಬತ್ತೇ ಅಂಕ. ಗೋಲುಗಳ ಅಂತರದಿಂದ ಕಿರೀಟ ಸಿಟಿಗೆ ಹೋಯಿತು. ಆ ಒಂದು ಪಂದ್ಯವನ್ನು ಯುನೈಟೆಡ್ ಸಮ ಮಾಡಿಕೊಂಡಿದ್ದರೂ ಸಾಕಿತ್ತು. ಕಟ್ಟಕಡೆಯ ಸ್ಥಾನದಲ್ಲಿದ್ದ ತಂಡವೊಂದು, ತನಗೆ ಉಳಿವು ಸಿಗದಿದ್ದರೂ, ದೇಶದ ಕಿರೀಟ ಯಾರ ತಲೆಗೆಂಬುದನ್ನು ತಿರುಗಿಸಿಬಿಟ್ಟಿತು.

ಲೀಗಿನ ಹಿರಿಮೆ ಇದರಲ್ಲಿದೆ. ಅಲ್ಲಿ ಸೋಲುವವನ ಆಟಕ್ಕೂ ಬೆಲೆಯುಂಟು. ತನಗೆ ಇನ್ನು ಗೆಲ್ಲುವುದೇನೂ ಉಳಿದಿಲ್ಲವೆಂದು ಅವನು ಕೈಚೆಲ್ಲಿದರೆ ಉಳಿದವರಿಗೆ ಅನ್ಯಾಯವಾಗುತ್ತದೆ. ಕೊನೆಯ ಬೆಂಚಿನ ಹುಡುಗನಿಗೂ ಒಂದು ಜವಾಬ್ದಾರಿಯಿದೆ ಎಂದು ಇಷ್ಟು ಸ್ಪಷ್ಟವಾಗಿ ಹೇಳುವ ವ್ಯವಸ್ಥೆ ಬೇರೆ ಯಾವುದಿದೆ?

ಬ್ಲ್ಯಾಕ್‌ಬರ್ನಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. 2017ರಲ್ಲಿ ಅದು ಗೋಲುಗಳ ಅಂತರ ಸಾಲದೆ ಮೂರನೆಯ ದರ್ಜೆಗೂ ಜಾರಿತು. ಮರುವರ್ಷವೇ ಮೇಲೆದ್ದು ಎರಡನೆಯದಕ್ಕೆ ಮರಳಿತು. ಮೇಲಿನ ದರ್ಜೆಯ ಬಾಗಿಲು 2025ರವರೆಗೂ ಅದಕ್ಕೆ ತೆರೆದಿರಲಿಲ್ಲ. ಆದರೂ ಆ ಊರಿನ ಜನ ಮೈದಾನಕ್ಕೆ ಹೋಗುವುದನ್ನು ಬಿಟ್ಟಿಲ್ಲ. 2019ರಲ್ಲಿ ನಮ್ಮ ಅನಿಕೇತ ಜಾಧವನು ಕೆಲವು ತಿಂಗಳ ತರಬೇತಿಗಾಗಿ ಹೋದದ್ದು ಇದೇ ಕ್ಲಬ್ಬಿಗೆ. ತಾಲೀಮಿನ ಊರಿನ ಹುಡುಗನು ಮಗ್ಗದ ಊರಿಗೆ ಹೋದನೆನ್ನೋಣ.

ಈಗ ನಮ್ಮ ಶಾಲೆಗಳತ್ತ ನೋಡೋಣ. ತಾಲೂಕು ಇಲ್ಲವೆ ಜಿಲ್ಲಾ ಮಟ್ಟದ ಶಾಲಾ ಪಂದ್ಯಗಳು ಸಾಮಾನ್ಯವಾಗಿ ನಾಕ್‌ಔಟ್ ಪದ್ಧತಿಯವು. ಸೋತವರು ಮನೆಗೆ. ಹದಿನಾರು ಶಾಲೆಗಳು ಸೇರಿದರೆ ಮೊದಲ ಸುತ್ತಿನಲ್ಲಿಯೇ ಎಂಟು ಶಾಲೆಗಳ ವರ್ಷ ಮುಗಿಯಿತು. ಆ ಎಂಟು ಶಾಲೆಗಳ ಹುಡುಗರು ವರ್ಷಕ್ಕೆ ಆಡಿದ್ದು ಒಂದು ಗಂಟೆ. ಅದರಲ್ಲಿ ಬದಲಿ ಆಟಗಾರರು ಕುಳಿತಲ್ಲಿಂದ ಏಳಲೂ ಇಲ್ಲ. ಮೊದಲ ಪಂದ್ಯದಲ್ಲಿ ತಪ್ಪು ಪಾಸು ಕೊಟ್ಟ ಹುಡುಗನಿಗೆ ಅದನ್ನು ತಿದ್ದಿಕೊಳ್ಳಲು ಎರಡನೆಯ ಪಂದ್ಯವೇ ಇಲ್ಲ. ಸೋಲಿನಿಂದ ಪಾಠ ಕಲಿಯಿರೆಂದು ನಾವು ಭಾಷಣ ಮಾಡುತ್ತೇವೆ. ಕಲಿತ ಪಾಠವನ್ನು ಒಪ್ಪಿಸಲು ದಿನವನ್ನೇ ಗೊತ್ತುಮಾಡಿರುವುದಿಲ್ಲ.

ಹದಿನಾರು ತಂಡಗಳ ನಾಕ್‌ಔಟಿಗೆ ಒಟ್ಟು ಹದಿನೈದು ಪಂದ್ಯ ಬೇಕು. ಎಂಟು, ಒಂಬತ್ತು, ಹತ್ತನೆಯ ಇಯತ್ತೆಗಳಿಗೆ ಎರಡೆರಡು ತುಕಡಿಗಳಿದ್ದರೆ ಒಂದು ಶಾಲೆಯಲ್ಲಿಯೇ ಆರು ತಂಡಗಳಾದವು. ಆರು ತಂಡಗಳು ಒಂದೊಂದು ಸಲ ಪರಸ್ಪರ ಆಡಿದರೆ ಆಗುವುದೂ ಹದಿನೈದೇ ಪಂದ್ಯ! ಶ್ರಮ ಅಷ್ಟೇ, ಮೈದಾನ ಅದೇ. ಆದರೆ ಇಲ್ಲಿ ಪ್ರತಿಯೊಂದು ತಂಡಕ್ಕೂ ಐದು ಪಂದ್ಯ ಸಿಗುತ್ತದೆ. ಶನಿವಾರ ಬೆಳಗಿನ ಶಾಲೆ; ಮಧ್ಯಾಹ್ನದ ನಂತರ ಒಂದೊಂದು ಶನಿವಾರ ಎರಡು ಪಂದ್ಯ ಇಟ್ಟರೆ ಎಂಟು ವಾರಗಳಲ್ಲಿ ಹಂಗಾಮು ಮುಗಿಯುತ್ತದೆ. ದೀಪಾವಳಿಯ ಸೂಟಿ ಮುಗಿದೊಡನೆ ಆರಂಭಿಸಿದರೆ ಜನವರಿಯ ಕೊನೆಗೆ ಮುಕ್ತಾಯ. ಲ್ಯಾಂಕಶೈರಿನ ಗಿರಣಿಯವರಿಗೆ ಆಟ ಕೊಟ್ಟ ಆ ಶನಿವಾರದ ಅರ್ಧ ದಿನ ನಮ್ಮ ಬಳಿಯೂ ಇದೆ; ನಾವು ಅದನ್ನು ಬಳಸುತ್ತಿಲ್ಲ, ಅಷ್ಟೇ.

ಪಾಲಕರ ಆಕ್ಷೇಪವನ್ನು ನಾವು ಬಲ್ಲೆವು. “ಆಟದಿಂದ ಹೊಟ್ಟೆ ತುಂಬುವುದೇ? ಹತ್ತನೆಯ ಇಯತ್ತೆ, ಮಾರ್ಚಿನಲ್ಲಿ ಬೋರ್ಡಿನ ಪರೀಕ್ಷೆ” ಎಂದು ಅವರು ಕೇಳುವುದು ಸಹಜ. ಬಹುಪಾಲು ಮಕ್ಕಳ ಹೊಟ್ಟೆ ಫುಟ್‌ಬಾಲಿನಿಂದ ತುಂಬುವುದಿಲ್ಲವೆಂದು ಸ್ಪಷ್ಟವಾಗಿಯೇ ಹೇಳಬೇಕು. ಅನಿಕೇತನಂತಾಗುವವನು ಸಾವಿರಕ್ಕೊಬ್ಬನೂ ಅಲ್ಲ. ಆ ಆಸೆಯನ್ನು ತೋರಿಸಿ ಮಕ್ಕಳನ್ನು ಮೈದಾನಕ್ಕೆ ಕರೆಯುವುದು ಮೋಸ. ಆದರೆ ನಾವು ಕೇಳುತ್ತಿರುವುದು ವರ್ಷಕ್ಕೆ ಐದು ಗಂಟೆ. ಐದು ಗಂಟೆಯಿಂದ ಕೆಡುವ ಪರೀಕ್ಷೆ ಮೊದಲೇ ಕೆಟ್ಟಿರುತ್ತದೆ. ಇನ್ನೊಂದು ಮಾತು. ಬೋರ್ಡಿನ ಪರೀಕ್ಷೆಯನ್ನು ನಾವು ನಾಕ್‌ಔಟ್ ಪಂದ್ಯದಂತೆ ಮಕ್ಕಳ ಎದೆಯ ಮೇಲೆ ಹೇರಿದ್ದೇವೆ. ಅಂದು ಸೋತರೆ ಬಾಳೇ ಮುಗಿಯಿತೆಂಬ ಭಯ ಎಷ್ಟು ಮನೆಗಳಲ್ಲಿಲ್ಲ? ವಾರವಾರವೂ ಆಡಿ, ಒಮ್ಮೆ ಸೋತು, ಮರುವಾರ ಎದ್ದು ನಿಂತು ರೂಢಿಯಾದ ಹುಡುಗನಿಗೆ ಆ ಭಯ ಅರ್ಧವಾಗುತ್ತದೆ. ಒಂದು ಕೆಟ್ಟ ದಿನವು ಇಡೀ ಹಂಗಾಮಲ್ಲವೆಂದು ಅವನ ಮೈಯೇ ಬಲ್ಲುದು.

ಗಂಡುಮಕ್ಕಳ ಮಾತನ್ನಷ್ಟೇ ಆಡಿ ಮುಗಿಸುವಂತಿಲ್ಲ. 1920ರ ಡಿಸೆಂಬರ್ 26ರಂದು, ಬ್ಲ್ಯಾಕ್‌ಬರ್ನಿನ ನೆರೆಯ ಪ್ರೆಸ್ಟನ್ ಊರಿನ ಕಾರಖಾನೆಯ ಹೆಣ್ಣುಮಕ್ಕಳ ತಂಡದ ಆಟವನ್ನು ಲಿವರ್‌ಪೂಲಿನಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಜನ ನೋಡಿದರು. ಮರುವರ್ಷವೇ ಅಲ್ಲಿಯ ಫುಟ್‌ಬಾಲ್ ಸಂಸ್ಥೆಯು ತನ್ನ ಕ್ಲಬ್ಬುಗಳ ಮೈದಾನಗಳಲ್ಲಿ ಹೆಣ್ಣುಮಕ್ಕಳು ಆಡಕೂಡದೆಂದು ಆಜ್ಞೆ ಹೊರಡಿಸಿತು. ಆ ಅನ್ಯಾಯ ನೀಗಲು ಐವತ್ತು ವರ್ಷ ಬೇಕಾಯಿತು. ಅವರು ಮಾಡಿದ ತಪ್ಪನ್ನು ನಾವು ಸುಮ್ಮನಿರುವುದರಿಂದಲೇ ಮಾಡಬಾರದು. ಲೀಗು ನಡೆಯುವುದಾದರೆ ವಿದ್ಯಾರ್ಥಿನಿಯರದೂ ನಡೆಯಬೇಕು, ಅದೇ ಶನಿವಾರ, ಅದೇ ಮೈದಾನದಲ್ಲಿ.

ವಿದ್ಯಾರ್ಥಿಗಳಿಗೂ ಒಂದು ಮಾತು ಹೇಳಬೇಕಾಗಿದೆ. ಕೊಲ್ಹಾಪುರದ ಅಭಿಮಾನಕ್ಕೆ ಒಂದು ಕಪ್ಪು ಮಗ್ಗುಲೂ ಇದೆ. ಪ್ರೇಕ್ಷಕರ ಜಗಳದಿಂದ ಪಂದ್ಯಗಳು ನಿಂತದ್ದುಂಟು. ಆಟಕ್ಕಿಂತ ಪೊಲೀಸ್ ಬಂದೋಬಸ್ತಿನ ಸುದ್ದಿಯೇ ದೊಡ್ಡದಾದದ್ದುಂಟು. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಮುಗಿಯಿತು, ಅಲ್ಲಿ ಸೋಲು ಸೋಲೇ. ಆ ಮನೋಭಾವವನ್ನೇ ಫುಟ್‌ಬಾಲಿಗೂ ತಂದರೆ ಒಂದೊಂದು ಗೋಲೂ ಪೇಟೆಯ ಮಾನಾಪಮಾನದ ಪ್ರಶ್ನೆಯಾಗುತ್ತದೆ. ಗೆಲ್ಲಲೇಬೇಕೆಂಬ ಅವಸರದಲ್ಲಿ ಕ್ಲಬ್ಬುಗಳು ದೂರದಿಂದ ಆಟಗಾರರನ್ನು ಕರೆತರುತ್ತವೆ. ಪೇಟೆಯ ಹುಡುಗನು ಹೊರಗೆ ಕುಳಿತು ಡೋಲು ಬಾರಿಸುತ್ತಾನೆ. ಬ್ಲ್ಯಾಕ್‌ಬರ್ನಿನಲ್ಲಿ ಅವಸರದಿಂದ ವ್ಯವಸ್ಥಾಪಕನನ್ನು ಬದಲಿಸಿದವರಿಗೆ ದೊರೆತ ಫಲವನ್ನು ಮೇಲೆ ಹೇಳಿದ್ದೇವೆ. ಹಂಗಾಮನ್ನು ನೋಡುವ ಕಣ್ಣಿದ್ದವನು ಒಂದು ಸೋಲಿಗೆ ಕಲ್ಲು ಎತ್ತುವುದಿಲ್ಲ. ನಾಳೆ ಆ ಗ್ಯಾಲರಿಯಲ್ಲಿ ಕೂರುವವರು ಇಂದು ನಮ್ಮ ವರ್ಗಗಳಲ್ಲಿ ಕುಳಿತಿರುವವರೇ. ಅವರಿಗೆ ಇಲ್ಲಿಯೇ ಆ ಕಣ್ಣು ಮೂಡಬೇಕು.

ಇದಕ್ಕೆ ದೊಡ್ಡ ಹಣ ಬೇಕಿಲ್ಲ. ಎರಡು ಒಳ್ಳೆಯ ಚೆಂಡು, ಗೆರೆ ಎಳೆಯಲು ಸುಣ್ಣ, ಸೀಟಿ ಊದಲು ಒಬ್ಬ ಶಿಕ್ಷಕರು ಅಥವಾ ಹಳೆಯ ವಿದ್ಯಾರ್ಥಿ. ಶಾಲೆಯ ಪಡಸಾಲೆಯಲ್ಲಿ ಒಂದು ಕರಿಹಲಗೆಯನ್ನು ಇದಕ್ಕೆಂದೇ ಮೀಸಲಿಡಬೇಕು. ಪ್ರತಿ ಸೋಮವಾರ ಬೆಳಿಗ್ಗೆ ಆರು ತಂಡಗಳ ಹೆಸರು, ಆಡಿದ್ದು, ಗೆದ್ದದ್ದು, ಸಮ, ಸೋತದ್ದು, ಅಂಕ ಎಂದು ಮಕ್ಕಳೇ ಬರೆಯಲಿ. ಕಟ್ಟಕಡೆಯ ತಂಡದ ಹೆಸರೂ ಅಲ್ಲಿರಬೇಕು. ಅದರ ಮುಂದೆ ಮುಂದಿನ ಶನಿವಾರದ ಪಂದ್ಯವೂ ಇರಬೇಕು.

ಬರುವ ದೀಪಾವಳಿಯ ನಂತರ ಈ ಕರಿಹಲಗೆ ನಮ್ಮ ಶಾಲೆಯಲ್ಲಿ ತೂಗುವಂತೆ ಶಾಲಾ ಸಮಿತಿಯವರೂ ಶಿಕ್ಷಕರೂ ಪಾಲಕರೂ ಕೂಡಿ ಮನಸ್ಸು ಮಾಡಬೇಕೆಂದು ನಮ್ಮ ವಿನಂತಿ. ಪಾಲಕರು ಒಂದು ಶನಿವಾರವಾದರೂ ಬಂದು ಮೈದಾನದ ಅಂಚಿನಲ್ಲಿ ನಿಲ್ಲಲಿ. ಮಗನೋ ಮಗಳೋ ಸೋತ ದಿನ ಬಂದರೆ ಇನ್ನೂ ಒಳ್ಳೆಯದು.